ಹೆಸರು ಬರುವ ಮೊದಲೇ

ಮೂರನೆಯ ಸಲವೂ ಯಲ್ಲಾಲಿಂಗನ ಮಿದುಳು ಅವನ ಹೆಸರಿಗೆ ಓಗೊಡಲಿಲ್ಲ.

ಡಾಕ್ಟರ್ ತನುಶ್ರೀ ಪರದೆಯ ಮೇಲಿನ ಗೆರೆಗಳನ್ನು ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಸಾರಿ ಅಂಕಲ್. ಬೇರೆ ಯಾರದೋ ಹೆಸರು ಹೇಳಿದಾಗ ಗೆರೆ ಹೇಗಿದೆಯೋ, ಇವರ ಹೆಸರು ಹೇಳಿದಾಗ್ಲೂ ಸೇಮ್. ಏನೂ ಡಿಫರೆನ್ಸ್ ಇಲ್ಲ."

ರಾಮಸ್ವಾಮಿ ಗಾಜಿನಾಚೆಗೆ ನೋಡಿದರು. ಮಂಚದ ಮೇಲೆ ಯಲ್ಲಾಲಿಂಗ ಕಣ್ಣು ಬಿಟ್ಟುಕೊಂಡು ಮಲಗಿದ್ದ. ತಲೆಗೆ ತಂತಿಗಳ ಟೋಪಿ, ಕಿವಿಗೆ ಹೆಡ್‌ಫೋನು. ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಸುಂದ್ರವ್ವ ಅವನ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕೂತಿದ್ದಳು. ಗಾಜಿನ ಈಚೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ರಾಮಸ್ವಾಮಿಯವರ ಮುಖ ಕಂಡದ್ದೇ ಒಂದು ನಗೆ ನಕ್ಕಳು.

ಎರಡು ತಿಂಗಳ ಹಿಂದೆ ಕುರ್ಲಾದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದ ಈ ಸೆಂಟ್ರಿಂಗ್ ಮೇಸ್ತ್ರಿ ಅಂದಿನಿಂದ ಹೀಗೇ ಮಲಗಿದ್ದಾನೆ. ಅವನನ್ನು ದಬ್ಬಿದನೆಂದು ಹೋದ ವಾರ ಅವನ ಒಡಹುಟ್ಟಿದ ತಮ್ಮ ಈಶ್ವರನನ್ನೇ ಪೊಲೀಸರು ಹಿಡಿದಿದ್ದಾರೆ.

ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತ ತಲೆ ನರೆಸಿಕೊಂಡ ರಾಮಸ್ವಾಮಿ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗದೆ ಪತ್ತೇದಾರಿಗೆ ಇಳಿದವರು. ಮೈಸೂರಿನ ಮಂದಿಗೆ ಸಹಜವಾದ ಸಂಕೋಚ, ಮುಂಬಯಿಯಲ್ಲಿ ಕಲಿತ ಅವಸರ, ಎರಡೂ ಅವರಲ್ಲಿವೆ. ಸುಂದ್ರವ್ವ ಅವರ ಬಳಿ ಬಂದು ಕೇಳಿದ್ದು ಒಂದೇ ಮಾತು: "ನನ್ನ ಮೈದುನ ಇಂಥಾ ಕೆಲಸ ಮಾಡಾಂವ ಅಲ್ರಿ. ಅವನ್ನ ಬಿಡಿಸಿ ಕೊಡ್ರಿ."

ಈಶ್ವರನನ್ನು ಅವಳು ಮೈದುನ ಎಂದು ಕರೆದರೂ ಸಾಕಿದ್ದು ಮಗನಂತೆ. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಜಾರುತ್ತಿದ್ದ ಹುಡುಗ, ತಾಯಿಯಿಲ್ಲದವನು. ನಿನ್ನೆ ಠಾಣೆಯಲ್ಲಿ ರಾಮಸ್ವಾಮಿ ಅವನನ್ನು ನೂರೆಂಟು ಕೇಳಿದರು. ಅವನು ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ.

"ವೈನಿ ಉಂಡಾರೇನ್ರಿ?"

ಅತ್ತಿಗೆಯ ಊಟದ ಬಗ್ಗೆ ಅಷ್ಟೇ ಕೇಳಿ ಗೋಡೆಯ ಕಡೆ ತಿರುಗಿ ಕೂತಿದ್ದ.

"ನಾಳೆ ಬೆಳಿಗ್ಗೆ ದೊಡ್ಡ ಡಾಕ್ಟರುಗಳ ಮೀಟಿಂಗ್ ಇದೆ ಅಂಕಲ್," ಎಂದಳು ತನುಶ್ರೀ. "ಇವತ್ತೂ ಏನೂ ಸಿಗದಿದ್ರೆ ಈ ಬೆಡ್ ಬೇರೆಯವರಿಗೆ ಹೋಗುತ್ತೆ. ಇವರ ಕಡೆಯ ಖಂಡಪ್ಪ ಅವರು ಊರಿಗೆ ಕರ್ಕೊಂಡು ಹೋಗೋಕೆ ಆಂಬುಲೆನ್ಸ್ ಕೂಡ ಹೇಳಿದ್ದಾರೆ."

ಇಂಡಿ ತಾಲೂಕಿನ ಆ ಊರಿನಲ್ಲಿ ಈ ಟೋಪಿಯೂ ಇಲ್ಲ, ಈ ಪರದೆಯೂ ಇಲ್ಲ. ಅಂದು ಮೇಲೆ ಏನು ನಡೆಯಿತೆಂದು ಯಲ್ಲಾಲಿಂಗನನ್ನು ಕೇಳುವವರೇ ಇರುವುದಿಲ್ಲ. ಈಶ್ವರನ ಪಾಲಿಗೆ ಇದ್ದ ಒಬ್ಬನೇ ಸಾಕ್ಷಿ ದಾದರಿನ ಈ ಆಸ್ಪತ್ರೆಯಿಂದ ಕಣ್ಣು ಬಿಟ್ಟುಕೊಂಡೇ ಹೊರಟುಹೋಗುತ್ತಾನೆ.

"ಹಾಗಾದ್ರೆ ಒಳಗೆ ಯಾರೂ ಇಲ್ಲ ಅಂತಲೇ ಅರ್ಥವೇನಮ್ಮ?"

"ಹಾಗಲ್ಲ, ಅದೇ ಪ್ರಾಬ್ಲಂ!" ತನುಶ್ರೀ ಎದ್ದು ಕಿಟಕಿಗೆ ಒರಗಿದಳು. ಬೆಂಗಳೂರು ಮೂಲದ ಮನೆ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಉತ್ಸಾಹ ಬಂದರೆ ಅವಳ ಕನ್ನಡ ಎಡವುತ್ತಿತ್ತು. "ನಾನು ಮೊದಲು ಕಾಗೆಗಳ ಮೇಲೆ ಕೆಲಸ ಮಾಡ್ತಿದ್ದೆ, ಗೊತ್ತಲ್ಲ? ಕಾಗೆಗೆ ಒಂದು ತುಂಬಾ ಮಂಕು ಬೆಳಕು ತೋರಿಸೋದು. ಕಂಡ್ರೆ ಕುಕ್ಕಬೇಕು, ಕಾಣದಿದ್ರೆ ಸುಮ್ಮನಿರಬೇಕು, ಹಾಗೆ ಕಲಿಸಿರ್ತೀವಿ. ಬೆಳಕು ಒಂದೇ, ಆದ್ರೆ ಒಂದು ಸಲ ಕಂಡೆ ಅನ್ನುತ್ತೆ, ಇನ್ನೊಂದು ಸಲ ಕಾಣಲಿಲ್ಲ ಅನ್ನುತ್ತೆ. ಅದರ ಮಿದುಳು ಬೆಳಕಿನ ಜೊತೆ ಅಲ್ಲ, ಅದು ಹೇಳೋ ಉತ್ತರದ ಜೊತೆ ಬದಲಾಗುತ್ತೆ. ಅಂದ್ರೆ ಒಳಗೆ ನೋಡೋರು ಒಬ್ಬರು ಇದ್ದಾರೆ."

"ಕಾಗೆಯೊಳಗೆ?"

"ಕಾಗೆಯೊಳಗೆ! ಆಕ್ಟೋಪಸ್ ಒಳಗೂ ಇರಬಹುದು ಅಂತ ನಮಗೆ ಅನುಮಾನ. ಆದ್ರೆ ಕಾಗೆಗೆ ಕುಕ್ಕೋಕೆ ಕೊಕ್ಕಿದೆ ಅಂಕಲ್. ಇವರಿಗೆ ಬೆರಳು ಅಲ್ಲಾಡಿಸೋಕೂ ಆಗಲ್ಲ. ಎಚ್ಚರ ಇದ್ರೂ ಹೇಳೋದು ಹೇಗೆ? ಅದಕ್ಕೇ ಹೆಸರು. ನಿದ್ದೆಯಲ್ಲಿದ್ರೂ ನಮ್ಮ ಹೆಸರು ನಮ್ಮವರ ಬಾಯಲ್ಲಿ ಕೇಳಿದ್ರೆ ಮಿದುಳು ಎದ್ದು ಕೂರುತ್ತೆ. ಎದ್ದು ಕೂರಲಿಲ್ಲ ಅಂದ ಮಾತ್ರಕ್ಕೆ ಒಳಗೆ ಯಾರೂ ಇಲ್ಲ ಅಂತಲ್ಲ. ಆದ್ರೆ ಮೀಟಿಂಗಿನಲ್ಲಿ ನಾನು ಇದನ್ನ ಹೇಳಿದ್ರೆ ಯಾರು ಕೇಳ್ತಾರೆ?"

ರಾಮಸ್ವಾಮಿ ಕಿಟಕಿಯಾಚೆ ನೋಡಿದರು. ಎದುರಿನ ಬಿಲ್ಡಿಂಗಿನ ಏಸಿ ಡಬ್ಬಿಯ ಮೇಲೆ ಒಂದು ಕಾಗೆ ಕೂತು ಒಂದೇ ಕಣ್ಣಿನಲ್ಲಿ ಅವರನ್ನೇ ನೋಡುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪನ ಶ್ರಾದ್ಧದ ದಿನ ಮಾತ್ರ ಕಾಗೆಗೆ ಮರ್ಯಾದೆ ಕೊಡುತ್ತಿದ್ದ ಅವರಿಗೆ, ಮಿಕ್ಕ ದಿನಗಳಲ್ಲಿ ಅದರ ಬಗ್ಗೆ ಏನೂ ಯೋಚಿಸದೆ ಹೋದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಕಾರಿಡಾರಿನಲ್ಲಿ ಖಂಡಪ್ಪ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ. ಅವನು ಯಲ್ಲಾಲಿಂಗನ ದೊಡ್ಡಪ್ಪನ ಮಗ; ಊರಿನಿಂದ ಜನರನ್ನು ಕರೆತಂದು ಸೈಟುಗಳಲ್ಲಿ ಕೆಲಸಕ್ಕೆ ಹಚ್ಚುವ ಮುಕಾದಮ. ಬಿದ್ದ ತಮ್ಮನ ಪಾದಗಳಿಗೆ ದಿನಾ ಬಂದು ಎಣ್ಣೆ ತಿಕ್ಕಿ ಹೋಗುವವನೂ ಅವನೇ, ಈಶ್ವರನ ಮೇಲೆ ಹೇಳಿಕೆ ಕೊಟ್ಟವನೂ ಅವನೇ.

ರಾಮಸ್ವಾಮಿ ಅವನ ಪಕ್ಕದಲ್ಲೇ ಕೂತರು.

"ಒಂದ್ ಮಾತು ಕೇಳ್ತೀನಿ ಖಂಡಪ್ಪನವರೇ, ಬೇಜಾರ್ ಮಾಡ್ಕೋಬೇಡಿ."

"ಕೇಳ್ರಿ ಸಾಹೇಬ್ರ."

"ಅವತ್ತು ನೀವು ಕೆಳಗೆ ನಿಂತಿದ್ರಿ, ಅಲ್ವೇ?"

"ಹೌದ್ರಿ. ಕಬ್ಬಿಣದ ಸಳಿ ತುಂಬಿದ ಟ್ರಕ್ ಬಂದಿತ್ತು, ಇಳಸಾಕತ್ತಿದ್ವಿ."

"ಟ್ರಕ್ ಕಡೆ ನೋಡ್ತಿದ್ದೋರು ಮೇಲೆ ಯಾಕೆ ನೋಡಿದ್ರಿ?"

"ಸಪ್ಪಳಾತು. ನೋಡಿದ್ನಿ."

"ಜಗಳದ ಸಪ್ಪಳವೇ?"

"ಜಗಳಲ್ಲ. ಏನೋ ಧಡ್ ಅಂತು. ಅಷ್ಟ."

"ಧಡ್ ಅಂದಿದ್ದು ಮೊದಲೋ, ದಬ್ಬಿದ್ದು ಮೊದಲೋ?"

ಖಂಡಪ್ಪ ಬಾಟಲಿಯ ಮುಚ್ಚಳ ತಿರುವಿದ. ತೆರೆದ, ಮತ್ತೆ ಮುಚ್ಚಿದ.

"ವಕೀಲರಗತೆ ಕೇಳಬ್ಯಾಡ್ರಿ. ಎರಡೂ ಕೈ ಎದಿ ಮ್ಯಾಲೆ ಇಟ್ಟು ದಬ್ಬಿದ. ನನ್ನ ಕಣ್ಣಾರೆ ನೋಡೀನಿ."

"ಸರಿ. ಆದ್ರೆ ಅವತ್ತು ಪೊಲೀಸರಿಗೆ ಕಾಲು ಜಾರಿತು ಅಂತ ಹೇಳಿದ್ರಿ. ಅದನ್ನೇ ಹೇಳ್ತಾ ಬಂದ್ರಿ. ಹೋದ ವಾರ ಈ ಡಾಕ್ಟ್ರು, ಇವರಿಗೆ ಒಳಗೆ ಎಚ್ಚರ ಇರಬಹುದು, ಕೇಳಿ ನೋಡೋಣ ಅಂದ್ರು. ಮಾರನೇ ದಿನವೇ ನೀವು ಸ್ಟೇಷನ್ನಿಗೆ ಹೋಗಿ ಈಶ್ವರ ದಬ್ಬಿದ ಅಂದ್ರಿ. ಯಾಕೆ?"

ಖಂಡಪ್ಪನ ಮುಖ ಕೆಂಪಾಯಿತು. ಕೂಗಾಡುತ್ತಾನೆಂದು ರಾಮಸ್ವಾಮಿ ಕಾದರು. ಅವನ ದನಿ ತಗ್ಗಿತು.

"ಮನೀ ಮರ್ಯಾದಿ ಅಂತ ಬಾಯಿ ಮುಚ್ಕೊಂಡಿದ್ನಿ. ಆದರ ನಾ ಸುಳ್ಳ ಹೇಳಿಲ್ರಿ. ನಿಮ್ಮ ಮಿಷನ್‌ಗೆ ಮಾತಾಡಸಾಕ ಬಂದ್ರ ಯಲ್ಲಾಲಿಂಗನ್ನ ಕೇಳ್ರಿ. ಅವನೂ ಅದನ್ನ ಹೇಳತಾನ."

ಅವನು ಎದ್ದು ವಾರ್ಡಿನ ಕಡೆ ನಡೆದ. ರಾಮಸ್ವಾಮಿ ಗಲ್ಲ ಕೆರೆದುಕೊಂಡರು. ಸುಳ್ಳು ಹೇಳುವವರನ್ನು ಅವರು ಜೀವಮಾನವಿಡೀ ನೋಡಿದ್ದರು. ಸುಳ್ಳುಗಾರ ಸಾಕ್ಷಿಯನ್ನು ಕರೆಯಿರಿ ಎನ್ನುವುದಿಲ್ಲ. ಆದರೆ ಸತ್ಯ ಹೇಳುವವನು ಬಾಟಲಿಯ ಮುಚ್ಚಳವನ್ನು ಹಾಗೆ ತಿರುವುತ್ತ ಕೂರುವುದೂ ಇಲ್ಲ.

ತಲೆ ಬಿಸಿಯಾದಾಗ ಇಡ್ಲಿ ತಿನ್ನುವುದು ಅವರ ಪದ್ಧತಿ. ಕೆಳಗಿನ ಉಡುಪಿಯವರ ಕ್ಯಾಂಟೀನಿನಲ್ಲಿ ಹೆಸರು ಬರೆಸಿ ಮೂಲೆಯ ಟೇಬಲ್ ಹಿಡಿದರು. ಧಡ್ ಎಂದಿದ್ದು ಏನು? ಅದೇ ಯೋಚನೆ.

"ರಾಮಸ್ವಾಮೀ, ಎರಡು ಇಡ್ಲಿ!" ಕೌಂಟರಿನವನು ಕೂಗಿದ. ಮತ್ತೂ ಕೂಗಿದ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು, ರಾಮಸ್ವಾಮಿಯೊಬ್ಬರನ್ನು ಬಿಟ್ಟು.

"ರೀ."

ಬಾಗಿಲ ಕಡೆಯಿಂದ, ಪಾತ್ರೆಗಳ ಸದ್ದಿನ ನಡುವೆ, ಅಂಥ ದೊಡ್ಡ ದನಿಯೂ ಅಲ್ಲ. ರಾಮಸ್ವಾಮಿ ಚೇಳು ಕಡಿದವರಂತೆ ಎದ್ದು ನಿಂತರು.

ಬಾಗಿಲಲ್ಲಿ ಕೌಸಲ್ಯಾ ನಿಂತಿದ್ದರು. ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಇನ್ನೊಂದರಲ್ಲಿ ಬಿಪಿ ಮಾತ್ರೆಯ ಪಟ್ಟಿ.

"ಮಾತ್ರೆ ಮರೆತು ಬಂದಿದ್ದೀರಿ. ಲೋಕಲ್‌ನಲ್ಲಿ ನಿಂತ್ಕೊಂಡು ಬಂದೆ. ಆ ಮನುಷ್ಯ ಆಗ್ಲಿಂದ ನಿಮ್ಮ ಹೆಸರು ಹಿಡಿದು ಕೂಗ್ತಿದ್ದಾನೆ, ಕಿವಿ ಎಲ್ಲಿಟ್ಟಿದ್ದೀರಿ?"

"ನನ್ನ ಹೆಸರನ್ನ ಕೂಗಿದನೇ?"

"ಊರಿಗೆಲ್ಲ ಕೇಳಿಸ್ತು."

"ನೀನು ಕರೆದಿದ್ದು ಮಾತ್ರ ಕೇಳಿಸ್ತಲ್ಲೇ!"

"ಕೇಳಿಸದೆ ಏನು? ನಲವತ್ತು ವರ್ಷದಿಂದ ಅದೇ ತಾನೆ ಕರೀತಿರೋದು. ನಾಳೆ ನಾನು 'ರಾಮಸ್ವಾಮಿ' ಅಂತ ಕರೆದ್ರೆ, ಯಾರೋ ಬೇರೆಯವರು ಅಂತ ನೀವು ಪೇಪರ್ ಓದ್ತಾ ಕೂತಿರ್ತೀರಿ."

ರಾಮಸ್ವಾಮಿ ಹೆಂಡತಿಯನ್ನು ಕಣ್ಣರಳಿಸಿ ನೋಡಿದರು. ಹೀಗೆ ನೋಡಿದರೆ ಒಂದೋ ಉಪ್ಪಿಟ್ಟು ಚೆನ್ನಾಗಿದೆ, ಇಲ್ಲವೇ ಕೇಸು ಅಲ್ಲಾಡಿದೆ ಎಂದು ಕೌಸಲ್ಯಾಗೆ ಗೊತ್ತು.

"ಬಾ ಮೇಲೆ," ಎಂದು ಅವರು ಕೈ ಹಿಡಿದು ಎಳೆದುಕೊಂಡೇ ಹೋದರು. ಇಡ್ಲಿ ಕೌಂಟರಿನಲ್ಲೇ ಉಳಿಯಿತು.

"ಸುಂದ್ರವ್ವ, ನಿಜ ಹೇಳಮ್ಮ. ಮನೆಯಲ್ಲಿ ಗಂಡನ್ನ ಏನಂತ ಕರೀತೀಯ?" ಮೇಲೆ ಬಂದದ್ದೇ ರಾಮಸ್ವಾಮಿ ಕೇಳಿದರು.

ಸುಂದ್ರವ್ವ ಸೆರಗು ಎಳೆದುಕೊಂಡಳು. "ಏನಂತ ಕರೀಲಿ? ಏನ್ರಿ ಅಂತೀನಿ. ಕೇಳೀರೇನು ಅಂತೀನಿ."

"ಹೆಸರು ಹಿಡಿದು?"

"ಅಯ್ಯ! ಗಂಡನ ಹೆಸರ ಹೆಂಗ ಹೇಳಾಕ ಬರ್ತೈತ್ರಿ?"

ತನುಶ್ರೀಯ ಕೈಯಲ್ಲಿದ್ದ ಪೆನ್ನು ನಿಂತಿತು. "ಆಂಟಿ, ಆದ್ರೆ ಹೆಸರು ರೆಕಾರ್ಡ್ ಮಾಡಿ ಕೊಟ್ರಲ್ಲ? ನಿಮ್ಮ ಮನೇಲೇ ರೆಕಾರ್ಡರ್ ಬಿಟ್ಟು ಬಂದಿದ್ದೆ, ಪ್ರೈವಸಿ ಇರಲಿ ಅಂತ."

ಸುಂದ್ರವ್ವ ತನ್ನ ಕಾಲುಂಗುರ ನೋಡುತ್ತ ಕೂತಳು. ಕೌಸಲ್ಯಾ ಪಕ್ಕಕ್ಕೆ ಹೋಗಿ ಭುಜದ ಮೇಲೆ ಕೈಯಿಟ್ಟ ಮೇಲೆ ಮಾತು ಹೊರಬಿತ್ತು.

"ನನಗ ಬಾಯೇ ಏಳಲಿಲ್ರಿ. ಬಾಜೂ ಖೋಲಿ ಹನುಮವ್ವನ ಕಡಿಂದ ಹೇಳಿಸಿದ್ನಿ. ಹೆಸರು ಹೇಳೂದು ಬೇಕಾಗಿತ್ತಲ್ಲ, ಯಾರ ಹೇಳಿದ್ರೇನು ಅಂದ್ಕೊಂಡ್ನಿ."

ತನುಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇಷ್ಟು ದಿನ ದೇಶವಿದೇಶದ ಪುಸ್ತಕ ತಿರುವಿ, ಮಷೀನು ತಿದ್ದಿ, ಹೆಂಡತಿಯ ದನಿ ಎಂದು ಅವಳು ಯಲ್ಲಾಲಿಂಗನಿಗೆ ಕೇಳಿಸಿದ್ದು ಪಕ್ಕದ ಮನೆಯ ಹನುಮವ್ವನ ದನಿಯನ್ನು. ಮೊದಲು ನಕ್ಕವಳು ಅವಳೇ. ಸುಂದ್ರವ್ವನೂ ಹೆದರುತ್ತ ಹೆದರುತ್ತ ನಕ್ಕಳು.

"ನಿನ್ನ ಬಾಯಿಂದ ಅವರು ತಮ್ಮ ಹೆಸರು ಕೇಳಿಯೇ ಇಲ್ವಾ?" ಕೌಸಲ್ಯಾ ಕೇಳಿದರು.

"ಕೇಳ್ಯಾರ. ಒಡಪಿನ್ಯಾಗ."

"ಒಡಪು ಅಂದ್ರೆ?" ತನುಶ್ರೀ.

"ಹಾಡಿನ ಥರ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳೋದು," ಎಂದರು ಕೌಸಲ್ಯಾ. "ಇಲ್ಲಿ ಮರಾಠಿಯವರು ಉಖಾಣಾ ಅಂತಾರಲ್ಲ, ಅದೇ. ನಮ್ಮ ಕಡೆ ಹೊಸ್ತಿಲಲ್ಲಿ ಅಡ್ಡ ನಿಂತು ಹೆಸರು ಹೇಳಿಸ್ತಿದ್ರು. ನಾನು ಹೇಳೋಕೆ ಮುಂಚೆ ಇವರೇ ಬೆವೆತು ಹೋಗಿದ್ರು."

"ಅದೆಲ್ಲ ಈಗ್ಯಾಕೆ?" ಎಂದರು ರಾಮಸ್ವಾಮಿ.

"ಕುರ್ಲಾದ ಖೋಲಿಗೆ ಬಂದ ದಿನ ಕಟ್ಟಿ ಹೇಳಿದ್ನಿ," ಸುಂದ್ರವ್ವ ಮೆಲ್ಲಗೆ ಹೇಳಿದಳು. "ಆಮ್ಯಾಲೆ ಅವರು ಖುಷಿಯಾದಾಗೆಲ್ಲ ಹೇಳಂತ ಕಾಡತಿದ್ರು. ನಾ ಹೇಳಿದ್ರ ಮಗ್ಗಲ ಹೊಳ್ಳಿ ನಗತಿದ್ರು."

ಟೋಪಿಯನ್ನು ಮತ್ತೆ ಒದ್ದೆ ಮಾಡಿ ಸರಿಪಡಿಸಿದರು. ರೆಕಾರ್ಡರ್ ಬೇಡ, ಈ ಸಲ ನೇರವಾಗಿ ಎಂದಳು ತನುಶ್ರೀ. ಸಬ್ ಇನ್ಸ್‌ಪೆಕ್ಟರ್ ಶೀತಲ್ ಕೂಡ ಬಂದು ಪರದೆ ಕಾಣುವಂತೆ ತನುಶ್ರೀಯ ಹಿಂದೆ ನಿಂತಳು. ಈಶ್ವರನ ಕೇಸು ಅವಳದೇ. ತಾಯಿಯ ಕಡೆ ಕನ್ನಡ, ತಂದೆಯ ಕಡೆ ಮರಾಠಿ; ಎರಡನ್ನೂ ಬೆರೆಸಿ ಮಾತಾಡುವ ಹುಡುಗಿ, ಕೆಲಸದಲ್ಲಿ ಮಾತ್ರ ಕಟ್ಟುನಿಟ್ಟು.

"ಕೋರ್ಟ್ ಇದನ್ನ ಮಾನತ ನಾಹಿ, ಒಪ್ಪಂಗಿಲ್ಲ ಸರ್," ಎಂದು ಮೊದಲೇ ಹೇಳಿದಳು. "ಆದ್ರ ನನಗ ಗೊತ್ತಾದ್ರ, ಎಲ್ಲಿ ಹುಡಕಬೇಕು ಅಂತ ಸಮಜತೈತಿ."

ಸುಂದ್ರವ್ವ ಮೈಕಿನ ಕಡೆ ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಶುರು ಮಾಡಿದಳು.

"ಕುರ್ಲಾದ ಖೋಲ್ಯಾಗ ಕಿಟಕಿ ಒಂದೈತಿ,
ಕಿಟಕಿ ತೆರೆದರ ಲೋಕಲ್ ಗಾಡಿ ಕೂಗತೈತಿ,
ಗಾಡಿ ಹೋದರ ಹೋಗಲಿ, ಕೂಡ ನಮ್ಮ
ಯಲ್ಲಾಲಿಂಗರಾಯರಿದ್ದರ ಖೋಲೀನ ಅರಮನಿ ಆಗತೈತಿ."

ತನುಶ್ರೀ ಪರದೆಯ ಕಡೆ ಬಾಗಿದಳು. ಇಷ್ಟು ದಿನ ಮಲಗಿದ್ದ ಗೆರೆ ಏಳತೊಡಗಿತ್ತು. ಅದು ಎದ್ದದ್ದು ಹೆಸರು ಬಂದ ಮೇಲಲ್ಲ. ಹೆಸರು ಬರುವ ಮೊದಲೇ, "ಕೂಡ ನಮ್ಮ" ಎನ್ನುವಾಗಲೇ ಎದ್ದಿತ್ತು.

"ಇನ್ನೊಮ್ಮೆ," ಎಂದಳು. ಇನ್ನೊಮ್ಮೆಯೂ ಹಾಗೇ ಆಯಿತು. ಮತ್ತೊಮ್ಮೆಯೂ.

ಆದರೆ ವಿಜ್ಞಾನಿಯ ಅನುಮಾನ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. "ಇದು ಬರೀ ರಾಗಕ್ಕೆ ಬಂದಿರಬಹುದು. ಆಂಟಿ, ಈ ಸಲ ಇವರ ಹೆಸರಿನ ಜಾಗದಲ್ಲಿ ಗುರುಪಾದ ಅಂತ ಹೇಳ್ತೀರಾ?"

"ಪರಗಂಡಸಿನ ಹೆಸರ ನನ್ನ ಒಡಪಿನ್ಯಾಗ?" ಸುಂದ್ರವ್ವ ಸ್ಟೂಲಿನಿಂದ ಎದ್ದೇಬಿಟ್ಟಳು. "ನನ್ನ ಜೀವಾ ಹೋದ್ರೂ ಹೇಳಂಗಿಲ್ಲ!"

ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಕೌಸಲ್ಯಾ.

"ಬೇರೆ ಹೆಸರು ಬೇಡ. ಹೆಸರು ಬರೋ ಹೊತ್ತಿಗೆ ಸುಮ್ಮನಾಗಿಬಿಡು. ಹೊಸದರಲ್ಲಿ ನಾವೆಲ್ಲ ನಾಚಿಕೆಗೆ ನಿಲ್ಲಿಸ್ತಿದ್ವಲ್ಲ, ಹಾಗೆ."

ಸುಂದ್ರವ್ವ ಮತ್ತೆ ಕೂತಳು. ಕಿಟಕಿ ಬಂತು, ಲೋಕಲ್ ಗಾಡಿ ಬಂತು, ಗಾಡಿ ಹೋದರೆ ಹೋಗಲಿ ಎಂದದ್ದೂ ಆಯಿತು. "ಕೂಡ ನಮ್ಮ..." ಎಂದು ಅಲ್ಲೇ ತುಟಿ ಬಿಗಿದಳು.

ಪರದೆಯ ಮೇಲಿನ ಗೆರೆ ಏರಿತು. ಏರುತ್ತ ಹೋಯಿತು. ಇಳಿಯಲೇ ಇಲ್ಲ.

"ಅವರು ಕಾಯ್ತಿದ್ದಾರೆ," ಎಂದಳು ತನುಶ್ರೀ. "ಅಂಕಲ್, ಹೆಸರಿಗೆ ಕಾಯ್ತಿದ್ದಾರೆ. ಕಾಯೋದಕ್ಕೆ ಒಳಗೆ ಒಬ್ಬರು ಬೇಕಲ್ಲ!"

ಸುಂದ್ರವ್ವನಿಗೆ ತಡೆಯಲಾಗಲಿಲ್ಲ. "ಯಲ್ಲಾಲಿಂಗರಾಯರು," ಎಂದು ಹೇಳಿಬಿಟ್ಟು ಗಂಡನ ಎದೆಯ ಮೇಲೆ ಹಣೆಯಿಟ್ಟು ಅತ್ತಳು. ಗೆರೆ ನಿಧಾನವಾಗಿ ಕೆಳಗಿಳಿಯಿತು. ರಾಮಸ್ವಾಮಿ ಕನ್ನಡಕ ಒರೆಸಿಕೊಳ್ಳುವ ನೆಪ ಹೂಡಿದರು. ಕೌಸಲ್ಯಾ ನೆಪವಿಲ್ಲದೆಯೇ ಅತ್ತರು. ಶೀತಲ್ ಕೂಡ ಒಮ್ಮೆ ಮೂಗು ಎಳೆದುಕೊಂಡಳು, ಆಮೇಲೆ ಏಸಿ ತುಂಬಾ ಜಾಸ್ತಿಯಾಯಿತು ಎಂದಳು.

ಇನ್ನು ಉತ್ತರ ಹೇಳುವುದನ್ನು ಕಲಿಸಬೇಕಿತ್ತು. ಕಾಗೆಗೆ ಕೊಕ್ಕಿದ್ದಂತೆ ಯಲ್ಲಾಲಿಂಗನಿಗೆ ಏನಾದರೊಂದು ಬೇಕು. ಬಲಗೈ ಆಡಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡರೂ ತಲೆಯ ಎಡಬದಿಯ ಗೆರೆಗಳು ಬದಲಾಗುತ್ತವೆ. ಕಾಲಾಡಿಸಿದಂತೆ ಅಂದುಕೊಂಡರೆ ನೆತ್ತಿಯ ನಡುವಿನವು. ಹೌದಾದರೆ ಸುತ್ತಿಗೆ ಬೀಸಲಿ, ಅಲ್ಲವಾದರೆ ಏಣಿ ಹತ್ತಲಿ, ಎಂದಳು ತನುಶ್ರೀ.

"ಏಣಿ ಬ್ಯಾಡ್ರಿ," ಸುಂದ್ರವ್ವ ತಕ್ಷಣ ಅಂದಳು. "ಬಿದ್ದಾರ. ಸೈಕಲ್ ತುಳೀರಿ ಅಂತೀನಿ. ಊರಾಗ ನನ್ನ ಹಿಂದ ಕುಂಡ್ರಿಸ್ಕೊಂಡು ಭಾಳ ತುಳಿದಾರ."

ಹಾಗೆಯೇ ಆಯಿತು. ಅವಳು ಗಂಡನಿಗೆ ಸುತ್ತಿಗೆಯನ್ನೂ ಸೈಕಲ್ಲನ್ನೂ ಮತ್ತೆ ಮತ್ತೆ ಬಿಡಿಸಿ ಹೇಳಿದಳು. ಆಮೇಲೆ ಮಗಳ ಹೆಸರು ಅನುರಾಧಾ ಹೌದಲ್ರಿ ಎಂದು ಕೇಳಿದಳು. ಸ್ವಲ್ಪ ಹೊತ್ತು ಕಾದ ಮೇಲೆ ಎಡಬದಿ ಬದಲಾಯಿತು: ಸುತ್ತಿಗೆ. ನಮ್ಮೂರು ಪುಣೆ ಹೌದಲ್ರಿ ಎಂದಳು. ಸೈಕಲ್. ಪ್ರಶ್ನೆಯನ್ನು ತಲೆಕೆಳಗು ಮಾಡಿ ಕೇಳಿದರೂ ಯಲ್ಲಾಲಿಂಗ ತಪ್ಪಲಿಲ್ಲ. ನಿಮಗ ನೋವಾಗತೈತೇನ್ರಿ ಎಂದು ಯಾರೂ ಹೇಳಿಕೊಡದ ಪ್ರಶ್ನೆಯೊಂದನ್ನು ಅವಳು ನಡುವೆ ತೂರಿಸಿದಳು. ಸೈಕಲ್ ಎಂದು ತನುಶ್ರೀ ಹೇಳಿದಾಗ ಸುಂದ್ರವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು.

"ಬಹಳ ದಣೀತಾರೆ," ತನುಶ್ರೀ ಎಚ್ಚರಿಸಿದಳು. "ಇನ್ನು ಒಂದೆರಡೇ. ಮುಖ್ಯವಾದದ್ದು ಕೇಳಿಬಿಡಿ."

ಬಾಗಿಲಲ್ಲಿ ಖಂಡಪ್ಪ ಬಂದು ನಿಂತಿದ್ದ. ಯಾವಾಗ ಬಂದನೋ ಯಾರೂ ಗಮನಿಸಿರಲಿಲ್ಲ.

ಪ್ರಶ್ನೆ ಹೇಗಿರಬೇಕೆಂದು ರಾಮಸ್ವಾಮಿಯವರೇ ತೀರ್ಮಾನಿಸಿದರು. ಸುತ್ತು ಬಳಸು ಬೇಡ, ನೇರವಾಗಿರಲಿ ಎಂದರು. ಸುಂದ್ರವ್ವ ತಲೆಯಾಡಿಸಿದಳು. ಅವಳ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಇಷ್ಟು ದಿನ ಅವಳೊಬ್ಬಳೇ ಹೇಳುತ್ತಿದ್ದುದನ್ನು ಈಗ ಗಂಡನೂ ಹೇಳುತ್ತಾನೆ, ಸಂಜೆಯೊಳಗೆ ಹುಡುಗ ಮನೆಗೆ ಬರುತ್ತಾನೆ ಎಂದು ಅವಳು ನಂಬಿಬಿಟ್ಟಿದ್ದಳು.

"ಏನ್ರಿ, ಈಶೂ ನಿಮ್ಮನ್ನ ದಬ್ಬಿದನೇನ್ರಿ?"

ಪರದೆಯ ಎಡಬದಿ ಬದಲಾಯಿತು.

ತನುಶ್ರೀ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ, ಎಡ ಯಾವುದು ನಡು ಯಾವುದು ಎಂದು ಇಷ್ಟರಲ್ಲಿ ಶೀತಲ್‌ಗೂ ಗೊತ್ತಾಗಿತ್ತು. ಅವಳು ಪೊಲೀಸ್ ಟೋಪಿ ತಲೆಗಿಟ್ಟುಕೊಂಡು, ಫೋನ್ ಕಿವಿಗೆ ಹಚ್ಚಿ ಹೊರಟಳು. "ಹೋ ಮ್ಹಣಾಲಾ, ಸರ್," ಎನ್ನುವುದು ಕಾರಿಡಾರಿನಲ್ಲಿ ಕೇಳಿಸಿತು. ಹೌದು ಅಂದನಂತೆ.

ಖಂಡಪ್ಪ ಕಣ್ಣು ಮುಚ್ಚಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದ್ದ.

ಗಾಜಿನಾಚೆ ಸುಂದ್ರವ್ವ ಇತ್ತ ತಿರುಗಿದಳು. "ಅಲ್ಲ ಅಂದ್ರಲ್ರಿ? ಸೈಕಲ್ ಬಂತಲ್ಲ?"

ಎಷ್ಟೋ ಮನೆಗಳ ಬಾಗಿಲು ತಟ್ಟಿ ಕೆಟ್ಟ ಸುದ್ದಿ ಹೇಳಿದವರು ರಾಮಸ್ವಾಮಿ. ಇವಳಿಗೆ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಆದರೆ ಬೇರೆಯವರ ಬಾಯಿಂದ ಅವಳು ಕೇಳುವುದು ಅವರಿಗೆ ಇನ್ನೂ ಬೇಡವಾಗಿತ್ತು. ಒಳಗೆ ಹೋಗಿ ಸ್ಟೂಲಿನ ಪಕ್ಕ ನಿಂತರು.

"ಸುಂದ್ರವ್ವ, ಹೌದು ಅಂದ್ರಮ್ಮ. ಸುತ್ತಿಗೆ."

ಅವಳು ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಅಡುಗೆಗೆ ಉಪ್ಪು ಕಡಿಮೆಯಾಯಿತೋ ಜಾಸ್ತಿಯಾಯಿತೋ ಎಂದು ಅವನು ಬಾಯಿ ಬಿಡದೆಯೇ ತಿಳಿದುಕೊಳ್ಳುತ್ತಿದ್ದವಳು ಅವಳು. ಈಗಲೂ ಹಾಗೇ ನೋಡಿದಳು. ಆಮೇಲೆ ಅವನ ಕೈ ಹಿಡಿದು, ಯಾರನ್ನೂ ಕೇಳದೆ, ತಾನೇ ಕೇಳಿದಳು.

"ಏನ್ರಿ, ಈಶೂನ ಮನೀಗೆ ಕರ್ಕೊಂಬರ್ಲೇನು?"

ರಾಮಸ್ವಾಮಿ ಗಾಜಿನಾಚೆ ತನುಶ್ರೀಯ ಕಡೆ ತಿರುಗಿದರು. ತನುಶ್ರೀ ಪರದೆಗೆ ಮುಖ ಹತ್ತಿರ ಒಯ್ದಳು. ಬೆರಳಿನಿಂದ ಗೆರೆಯನ್ನು ಮುಟ್ಟಿ ನೋಡಿದಳು. ಸ್ಪೀಕರಿನಲ್ಲಿ ಅವಳ ದನಿ ಬಂತು.

"ಹೌದು ಅಂತಿದ್ದಾರೆ. ಸುತ್ತಿಗೆ. ಮೊದಲಿನದಕ್ಕಿಂತ ಸ್ಟ್ರಾಂಗ್ ಆಗಿದೆ ಅಂಕಲ್. ಇವತ್ತಿನ ಎಲ್ಲಾ ಉತ್ತರಕ್ಕಿಂತ ಸ್ಟ್ರಾಂಗ್."

ದಬ್ಬಿದನೇ? ಹೌದು. ಮನೆಗೆ ಕರೆತರಲೇ? ಹೌದು. ಕೊಲ್ಲಲು ದಬ್ಬಿದವನನ್ನು ಯಾರೂ ಮನೆಗೆ ಕರೆಯುವುದಿಲ್ಲ. ಯಾಕೆ ದಬ್ಬಿದ ಎಂದು ತಾವು ಕೇಳಿರಲೇ ಇಲ್ಲವೆಂಬುದು ರಾಮಸ್ವಾಮಿಯವರಿಗೆ ಆಗ ಹೊಳೆಯಿತು. ಸುತ್ತಿಗೆ, ಸೈಕಲ್ಲುಗಳಲ್ಲಿ ಅದಕ್ಕೆ ಉತ್ತರ ಹೇಳಲೂ ಬರುತ್ತಿರಲಿಲ್ಲ. ಆ ಧಡ್ ಎಂಬ ಸಪ್ಪಳ ಮೊದಲು ಬಂದಿದ್ದರೆ, ಬೀಳುತ್ತಿದ್ದ ಯಾವುದರಿಂದಲೋ ಅಣ್ಣನನ್ನು ಉಳಿಸಲೆಂದೇ ಹುಡುಗ ದಬ್ಬಿರಬಹುದು; ಯಾವುದು ಮೊದಲೆಂದು ಹೇಳಬಲ್ಲವನು ಖಂಡಪ್ಪನೊಬ್ಬನೇ. ಅವರು ಬಾಗಿಲ ಕಡೆ ನೋಡಿದರು. ಖಂಡಪ್ಪ ಅಲ್ಲಿರಲಿಲ್ಲ.

ಸುಂದ್ರವ್ವ ಆಗಲೇ ಸೆರಗಿನಿಂದ ಮುಖ ಒರೆಸಿಕೊಂಡು ಕಾಲಿನಿಂದ ಚಪ್ಪಲಿ ತಡಕುತ್ತಿದ್ದಳು.

"ಕೇಳಿದ್ರಲ್ಲ? ಅವರೇ ಹೇಳ್ಯಾರ. ನಡೀರಿ, ಹುಡುಗನ್ನ ಕರ್ಕೊಂಬರೋಣು. ವಾರ ಆತು, ಅವಾ ಉಂಡಾನೋ ಇಲ್ಲೋ."

ರಾಮಸ್ವಾಮಿ ಶೀತಲ್‌ಗೆ ಫೋನ್ ಮಾಡಿದರು. ಬಿಜಿ. ಮತ್ತೆ ಮಾಡಿದರು. ಬಿಜಿ. ಮೂರನೆಯ ಸಲ ಮಾಡಬೇಕೆನ್ನುವಷ್ಟರಲ್ಲಿ ಅವಳೇ ಮಾಡಿದಳು. ಜೀಪಿನ ಸದ್ದಿನ ಮೇಲೆ ಅವಳ ದನಿ ಏರಿತ್ತು.

"ಸರ್, ಕೇಸ್ ಖತಮ್. ಫೋನ್ ಮ್ಯಾಲೆ ಈಶ್ವರಗ ಹೇಳಿದ್ನಿ, ನಿಮ್ಮಣ್ಣಗ ಎಚ್ಚರ ಐತಿ, ನೀ ದಬ್ಬಿದಿ ಅಂತ ಅವನೇ ಹೇಳ್ಯಾನ ಅಂತ. ಇಷ್ಟು ದಿನ ಏಕ ಶಬ್ದ ಮಾತಾಡದಾಂವ ಜೋರಾಗಿ ಅತ್ತಬಿಟ್ಟ. ಅಣ್ಣ ಹಂಗ ಹೇಳಿದ್ರ ಹಂಗ ಬರಕೊಳ್ರಿ, ನಾನ ಕೊಲ್ಲಾಕ ದಬ್ಬೀನಿ ಅಂತ ಬರಕೊಳ್ರಿ ಅಂತಾನ. ನಾಳೆ ಮ್ಯಾಜಿಸ್ಟ್ರೇಟ್ ಮುಂದ ಹೇಳಾಕೂ ತಯಾರ್ ಅದಾನ."

ಬಾಗಿಲ ಹತ್ತಿರ ಸುಂದ್ರವ್ವ ಕೌಸಲ್ಯಾರ ಕೈಯಿಂದ ಟಿಫಿನ್ ಡಬ್ಬಿ ಇಸಿದುಕೊಳ್ಳುತ್ತಿದ್ದಳು, ಹುಡುಗನಿಗೆ ದಾರಿಯಲ್ಲೇ ಉಣ್ಣಿಸಬೇಕೆಂದು.